ಮೂರು ಬಾಯಿಯ ಮಾತು

ಆ ಕಾಲಕ್ಕೆ ಜನ ದನಿಯನ್ನು ನಂಬುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಯಾರ ದನಿ ಬೇಕೆಂದರೂ ಯಂತ್ರ ಅದನ್ನು ಕ್ಷಣದಲ್ಲಿ ಕಟ್ಟಿಕೊಡುತ್ತಿತ್ತು. ಮುಖವೂ ಹಾಗೆಯೇ. ಜಿಲ್ಲಾಧಿಕಾರಿ ಫೋನಿನ ಪರದೆಯ ಮೇಲೆ ಬಂದು ಕೈಮುಗಿದು ಮಾತಾಡಿದರೂ, ಹೆತ್ತ ಮಗಳೇ ಬಂದು ಅತ್ತರೂ, ನೋಡುವವರು ಒಂದು ಗಳಿಗೆ ನೋಡಿ ಫೋನನ್ನು ಬೋರಲು ಹಾಕಿ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಸುದ್ದಿ ಹಿಂದೆಂದೂ ಇಲ್ಲದಷ್ಟು ವೇಗವಾಗಿ ಊರೂರು ಸುತ್ತುತ್ತಿತ್ತು. ಅದನ್ನು ಒಳಗೆ ಕರೆದು ಮಣೆ ಹಾಕುವವರು ಮಾತ್ರ ಇರಲಿಲ್ಲ.

ಹೊಳೆಯ ದಂಡೆಯ ಬಣಕಾರಹಳ್ಳ ಇದರ ಪೆಟ್ಟನ್ನು ಎಲ್ಲರಿಗಿಂತ ಹೆಚ್ಚು ತಿಂದಿತ್ತು. ಅದು ಮಗ್ಗದ ಊರು. ಓಣಿ ಓಣಿಗೂ ಶೆಡ್ಡುಗಳು, ಶೆಡ್ಡು ಶೆಡ್ಡಿಗೂ ವಿದ್ಯುತ್ ಮಗ್ಗಗಳು. ನಸುಕಿನಿಂದ ಕತ್ತಲಾಗುವ ತನಕ ಖಟಖಟ ಎಂಬ ಸದ್ದು ಊರಿನ ಮೇಲೆ ಚಪ್ಪರದಂತೆ ನಿಂತಿರುತ್ತಿತ್ತು. ಒಂದು ಸಲ 'ಮೇಲಿನ ಗೋಡಿಹಾಳ ಅಣೆಕಟ್ಟು ಒಡೆಯಿತು, ಓಡಿರಿ' ಎಂದು ತಹಶೀಲ್ದಾರರ ದನಿಯಲ್ಲಿ ಕರೆ ಬಂತು. ಊರಿಗೆ ಊರೇ ಓಡಿತು. ಹಿಂತಿರುಗಿ ಬಂದು ನೋಡಿದರೆ ಹೊಳೆ ಇದ್ದಲ್ಲೇ ಇತ್ತು, ಶೆಡ್ಡುಗಳಲ್ಲಿದ್ದ ರೇಷ್ಮೆ ನೂಲು ಇರಲಿಲ್ಲ. ಮರುವರ್ಷ ಇನ್ನೊಂದು ಸಲ ಅಂಥದೇ ಕರೆ. ಆಗ ಅರ್ಧ ಊರು ಓಡಿತು, ಇಕ್ಕಟ್ಟಿನ ಓಣಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಬಣಕಾರ ಓಣಿಯ ಈರಪ್ಪ ಕಾಲ್ತುಳಿತಕ್ಕೆ ಸಿಕ್ಕು ತೊಡೆಯ ಮೂಳೆ ಮುರಿದುಕೊಂಡ. ಮುಂದೆ ಅವನು ಕೋಲಿಲ್ಲದೆ ನಡೆಯಲಿಲ್ಲ.

ಈರಪ್ಪನ ಹೆಂಡತಿ ಕಾಶವ್ವ. ಕಾಶವ್ವನ ತಂಗಿ ನೀಲಗಂಗಾ.

ನೀಲಗಂಗಾ ಗಣಿತ ಓದಿದವಳು. ತಾಲ್ಲೂಕಿನ ಊರಿನ ದಿಬ್ಬದ ಮೇಲೆ ಸರ್ಕಾರ ತೆರೆದಿದ್ದ ಹರಿವು ಕೇಂದ್ರದಲ್ಲಿ ಅವಳ ಕೆಲಸ. ನೀರು ಹೇಗೆ ಹರಿಯುತ್ತದೆಂದು ಲೆಕ್ಕ ಹಾಕುವವರು ಬಹಳ ಮಂದಿಯಿದ್ದರು. ಈ ಕೇಂದ್ರದ ಕೆಲಸ, ಮಾತು ಮನುಷ್ಯರ ನಡುವೆ ಹೇಗೆ ಹರಿಯುತ್ತದೆ ಎಂಬುದನ್ನು ಕಂಡುಹಿಡಿಯುವುದು. ದೊಡ್ಡ ಗೋಡೆಯ ತುಂಬ ಜಾಲದ ನಕ್ಷೆ. ಒಂದೊಂದು ಮನೆ ಒಂದೊಂದು ಚುಕ್ಕೆ, ಹೋಗಿಬರುವ ಬಳಕೆ ಇದ್ದ ಮನೆಗಳ ನಡುವೆ ಗೆರೆ. ಮಾತು ಮುಟ್ಟಿದ ಚುಕ್ಕೆ ಹಳದಿಯಾಗುತ್ತಿತ್ತು. ಮಾತನ್ನು ನಂಬಿ ಜನ ಎದ್ದು ಹೊರಟರೆ ಅದು ಹಸಿರಾಗುತ್ತಿತ್ತು.

ಕೇಂದ್ರದ ಹಿರಿಯರು ಎರಗಟ್ಟಿ ಸರ್. ಸಾಂಕ್ರಾಮಿಕ ರೋಗಗಳ ಲೆಕ್ಕ ಮಾಡಿ ಹೆಸರು ಮಾಡಿದವರು. ಮಾತೂ ರೋಗದ ಹಾಗೆಯೇ ಹರಡುತ್ತದೆ ಎಂಬುದು ಅವರ ವಾದ.

"ನೋಡ್ರಿ ನೀಲಗಂಗಾ, ಒಬ್ಬ ಕೆಮ್ಮಿದ್ರ ಸಾಕು, ಇನ್ನೊಬ್ಬಗ ಹತ್ತತದ. ಬಹಳ ಮಂದಿ ಜೋಡಿ ಬಳಕಿ ಇದ್ದವನನ್ನ ಹಿಡೀರಿ. ಊರ ಗೌಡ, ಅಂಗಡಿಕಾರ, ಶಾಲಿ ಮಾಸ್ತರ. ಅವಗ ಹೇಳಿಬಿಟ್ರ ಊರಿಗೆ ಮುಟ್ಟತದ."

"ಮುಟ್ಟತದ ಸರ್. ಮುಟ್ಟೂದು ಬ್ಯಾರೆ, ನಂಬೂದು ಬ್ಯಾರೆ. ಕೆಮ್ಮಿಗೆ ನಂಬಿಕಿ ಬೇಕಾಗಿಲ್ಲ."

ಅವಳ ಸಮೀಕರಣಗಳು ಬೇರೆ ಕಥೆ ಹೇಳುತ್ತಿದ್ದವು. ಮನೆ ಮಗ್ಗ ಬಿಟ್ಟು ಓಡುವಂಥ ಮಾತನ್ನು ಯಾರೂ ಒಬ್ಬನ ಬಾಯಿಂದ ಕೇಳಿ ನಂಬುವುದಿಲ್ಲ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎರಡು ಮೂರು ಕಡೆಯಿಂದ ಅದೇ ಮಾತು ಬರಬೇಕು. ದೂರದ ಊರುಗಳನ್ನು ಜೋಡಿಸುವ ಒಂಟಿ ಎಳೆಗಳ ಮೇಲೆ ಸುದ್ದಿ ಓಡುತ್ತದೆ, ನಂಬಿಕೆ ಓಡುವುದಿಲ್ಲ. ಅದಕ್ಕೆ ಹಾಸು ಹೊಕ್ಕು ಹೆಣೆದ ದಟ್ಟ ನೆಯ್ಗೆ ಬೇಕು.

ಇದನ್ನು ಅವಳು ಮನೆಯಲ್ಲಿಯೂ ಕಂಡಿದ್ದಳು. ಅವಳ ಜೊತೆಗಿದ್ದ ಅವ್ವ ಬಿಸಿಲ ಒಲೆಯನ್ನು ವರ್ಷಗಟ್ಟಲೆ ಮುಟ್ಟಿರಲಿಲ್ಲ. ಒಂದು ದಿನ ನೀಲಗಂಗಾ ಕೆಲಸದಿಂದ ಬಂದಾಗ ಅಂಗಳದಲ್ಲಿ ಅದೇ ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು.

"ಇದೇನವ್ವಾ, ಇವತ್ತ ಒಲಿ ಮ್ಯಾಲ ಪ್ರೀತಿ ಬಂತು?"

"ಬಾಜೂಮನಿ ಚಂಪಾಬಾಯಿ ಹೇಳಿದ್ಳು, ಚಲೋ ಕುದೀತದ ಅಂತ. ಅಕಿ ಮಾತು ಯಾರ ಕೇಳ್ತಾರ ಅಂತ ಸುಮ್ನಿದ್ದೆ. ಭಜನಿಯಾಗ ರತ್ನವ್ವನೂ ಅದನ್ನ ಅಂದ್ಳು. ಇವತ್ತ ಹಾಲಿನಕಿನೂ ಅಂದ್ಳು. ಮೂರು ಮಂದಿಗೆ ಒಮ್ಮೆಲೆ ಹುಚ್ಚು ಹಿಡಿಯಂಗಿಲ್ಲಲ್ಲ?"

"ನಾ ವರ್ಷದಿಂದ ಬಡಕೊಂಡೆ."

"ನೀ ಎಷ್ಟು ಸಲ ಬಡಕೊಂಡ್ರೂ ಒಂದ ಬಾಯಿ" ಎಂದು ಅವ್ವ ಸೌಟು ತಿರುವಿದಳು.

ನೀಲಗಂಗಾ ಮತ್ತು ಅವಳ ಗೆಳೆಯರು ಸೇರಿ ಮಾಡಿದ ಸಾಧನಕ್ಕೆ 'ಗುಬ್ಬಿ' ಎಂದು ಹೆಸರಿಟ್ಟಿದ್ದರು. ಅಂಗಿಗೆ ಚುಚ್ಚಿಕೊಳ್ಳುವ ದೊಡ್ಡ ಗುಂಡಿಯಷ್ಟಿತ್ತು. ಅದಕ್ಕೆ ಫೋನಿನ ಗೋಪುರ ಬೇಕಿರಲಿಲ್ಲ. ಇಬ್ಬರು ಎದುರುಬದುರು ನಿಂತು, ಗುಬ್ಬಿಗೆ ಗುಬ್ಬಿ ತಾಗಿಸಿ, ಬೆರಳೊತ್ತಿ ಹಿಡಿದರೆ ಮಾತ್ರ ಮಾತು ದಾಟುತ್ತಿತ್ತು. ಬೆರಳಿನ ನಾಡಿ ಅದಕ್ಕೆ ತಿಳಿಯುತ್ತಿದ್ದುದರಿಂದ ಯಂತ್ರದ ಆಟ ಅಲ್ಲಿ ನಡೆಯುತ್ತಿರಲಿಲ್ಲ. ಮಾತು ಯಾರ ಯಾರ ಕೈ ದಾಟಿ ಬಂತೆಂಬುದನ್ನೂ ಗುಬ್ಬಿ ನೆನಪಿಡುತ್ತಿತ್ತು. ಒಂದೇ ಮನೆಯ ಮೂವರು ಹೇಳಿದರೆ ಅದನ್ನು ಒಂದೇ ಬಾಯಿ ಎಂದು ಹಿಡಿಯುತ್ತಿತ್ತು. ಮೂರು ಬೇರೆ ಬೇರೆ ಬಳಗದವರು ಹೇಳಿದರೆ ಚಿಲಿಪಿಲಿಗುಟ್ಟಿ ಹಸಿರಾಗುತ್ತಿತ್ತು. ಯಾವ ಓಣಿಯಲ್ಲಿ ಎಷ್ಟು ಗುಬ್ಬಿ ಹಸಿರಾದವು ಎಂಬುದನ್ನಷ್ಟೇ ಓಣಿಯ ಕಂಬದ ಪೆಟ್ಟಿಗೆ ಕೇಂದ್ರಕ್ಕೆ ತಿಳಿಸುತ್ತಿತ್ತು. ಯಾರದು, ಏನು ಮಾತು ಎಂಬುದು ಅದಕ್ಕೂ ಗೊತ್ತಾಗುತ್ತಿರಲಿಲ್ಲ.

ಪ್ರಯೋಗಕ್ಕೆಂದು ಬಣಕಾರಹಳ್ಳದ ಒಂದು ಭಾಗಕ್ಕೆ ಗುಬ್ಬಿಗಳನ್ನು ಹಂಚಿದ್ದರು. ಊರನ್ನು ಒಂದು ಹಳ್ಳ ಎರಡಾಗಿ ಸೀಳುತ್ತಿತ್ತು. ಈಚೆ ಓಣಿಗಳು, ಆಚೆ ಪೇಟೆ. ಗುಬ್ಬಿ ಬಂದದ್ದು ಈಚೆಗೆ ಮಾತ್ರ. ಹೆಂಗಸರು ಅದನ್ನು ನಲ್ಲಿ ನೀರು ಬಂದ ಸುದ್ದಿ ಹೇಳಲು ಬಳಸುತ್ತಿದ್ದರು. ಎರಗಟ್ಟಿ ಸರ್ ಅದನ್ನು ಕೇಳಿ ನಕ್ಕಿದ್ದರು. ನೀಲಗಂಗಾಗೆ ಬೇಸರವಾಗಿರಲಿಲ್ಲ. ನೀರಿನ ಸುದ್ದಿಯಲ್ಲಿ ಮೋಸ ಹೋಗಲಿಕ್ಕೆ ಯಾವ ಹೆಂಗಸೂ ಒಪ್ಪುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

*

ಮಳೆಗಾಲದ ಕೊನೆಗೆ ಒಂದು ಬೆಳಿಗ್ಗೆ ಗೋಡಿಹಾಳ ಅಣೆಕಟ್ಟಿನಿಂದ ಎಂಜಿನಿಯರ್ ಮೌಲಾಲಿ ಮೋಮಿನ್ ಜೀಪು ಓಡಿಸಿಕೊಂಡು ಕೇಂದ್ರಕ್ಕೇ ಬಂದ. ಅವನ ಪ್ಯಾಂಟು ಮೊಣಕಾಲಿನ ತನಕ ಕೆಸರಾಗಿತ್ತು.

"ಮಣ್ಣಿನ ಏರಿ ಬಾಯಿ ಬಿಟ್ಟೈತ್ರಿ. ಕೆಳಗಿಂದ ನೀರು ಜಿನುಗಾಕತ್ತಿತ್ತು, ಈಗ ಕೆಂಪಗ ಬರಾಕತ್ತೈತಿ. ಮಣ್ಣು ತಗೊಂಡು ಬರಾಕತ್ತೈತಿ ಅಂದ್ರ ತಿಳೀತಲ್ರಿ. ಬೈಗ ಆಗೂತನ ತಡದ್ರ ನಮ್ಮ ಪುಣ್ಯ."

ಎರಗಟ್ಟಿ ಸರ್ ತಡಮಾಡಲಿಲ್ಲ. ನದಿಯ ದಂಡೆಯ ಎಲ್ಲ ಫೋನುಗಳಿಗೂ ಎಚ್ಚರಿಕೆ ಹೋಯಿತು. ಜಿಲ್ಲಾಧಿಕಾರಿಯೇ ಮಾತಾಡಿದರು. ಹೆಸರಾಂತ ಗಾಯಕಿಯೊಬ್ಬಳು, ಮಠದ ಹಿರಿಯರು, ಎಲ್ಲರೂ ಮಾತಾಡಿದರು. ಗೋಡೆಯ ಮೇಲಿನ ನಕ್ಷೆಯಲ್ಲಿ ಬಣಕಾರಹಳ್ಳ ಕಣ್ಣು ಮಿಟುಕಿಸುವಷ್ಟರಲ್ಲಿ ಹಳದಿಯಾಯಿತು. ಹಳ್ಳದ ಈಚೆಗೂ ಹಳದಿ, ಆಚೆಗೂ ಹಳದಿ. ಮಾತು ಮುಟ್ಟದ ಮನೆ ಒಂದೂ ಉಳಿಯಲಿಲ್ಲ.

ಎಲ್ಲರೂ ಹಸಿರಿಗಾಗಿ ಕಾದರು. ಒಂದು ಚುಕ್ಕೆಯೂ ಬಣ್ಣ ಬದಲಿಸಲಿಲ್ಲ. ಪೊಲೀಸ್ ವ್ಯಾನು ಮೈಕು ಹಚ್ಚಿಕೊಂಡು ಓಣಿಗಳಲ್ಲಿ ಸುತ್ತಿ ಬಂತು. ಹುಡುಗರು ಅದರ ಹಿಂದೆ ಓಡಿ ನಕ್ಕರಂತೆ. ವ್ಯಾನನ್ನೂ ಬಾಡಿಗೆಗೆ ತಂದಿರಬಹುದೆಂದು ಯಾರೋ ಅಂದರಂತೆ. ಮಗ್ಗಗಳ ಸದ್ದಿನಲ್ಲಿ ಮೈಕು ಕೇಳಿದ್ದೂ ಅಷ್ಟಕ್ಕಷ್ಟೇ.

ನೀಲಗಂಗಾ ಫೋನು ತೆಗೆದು ಅಕ್ಕನಿಗೆ ಹಚ್ಚಿದಳು.

"ಅಕ್ಕಾ, ನಾ ನೀಲಿ. ಖರೇನ ಏರಿ ಒಡ್ಯಾಕತ್ತೈತಿ. ಮಾಮಾನ್ನ ಕರಕೊಂಡು ಊರ ಮ್ಯಾಲಿನ ಮಡ್ಡಿ ಹತ್ತು."

ಆ ಕಡೆ ಮಗ್ಗದ ಸದ್ದು. ಅದರ ನಡುವೆ ಕಾಶವ್ವನ ತಣ್ಣನೆಯ ದನಿ.

"ನಮ್ಮ ನೀಲಿ ದನಿ ಚಂದ ಮಾಡೀರಿ. ಹೋದ ಸಲ ನಮ್ಮಪ್ಪನ ದನಿ ಮಾಡಿದ್ರಿ. ಅಂವ ಸತ್ತು ಹತ್ತು ವರ್ಷ ಆಗಿತ್ತು. ನಾಚಿಕಿ ಆಗ್ಬೇಕು ನಿಮಗ."

ಫೋನು ಕಡಿದುಹೋಯಿತು. ನೀಲಗಂಗಾ ಮತ್ತೆ ಹಚ್ಚಲಿಲ್ಲ. ಅಕ್ಕ ಮಾಡಿದ್ದು ತಪ್ಪೆಂದು ಅವಳಿಗೆ ಅನ್ನಿಸಲಿಲ್ಲ. ತಾನು ಅಲ್ಲಿದ್ದರೆ ತಾನೂ ಹಾಗೆಯೇ ಕಡಿಯುತ್ತಿದ್ದೆ ಎನ್ನಿಸಿತು. ಅವಳು ಎದ್ದು ನಿಂತಳು.

"ಸರ್, ನಾ ಹೋಗ್ತೀನಿ. ಗುಬ್ಬಿಗೆ ಮನಿಷಾ ಬೇಕು."

"ಎಲ್ಲಿಗೆ? ನೀರು ಬರೂ ಊರಿಗೆ?"

"ಹೌದ್ರಿ. ಮೌಲಾಲಿಯವರೂ ಬರ್ಲಿ. ಅವರು ಮೋಮಿನ್ ಓಣಿಯ ಅಳಿಯ. ದವಾಖಾನಿಯಿಂದ ನರ್ಸ್ ಎಸ್ತರಮ್ಮನ್ನ ಕರಕೊಂಡು ಹೋಗ್ತೀನಿ. ಚರ್ಚಿನ ಓಣಿಯಾಗ ಅವರ ತವರುಮನಿ ಐತಿ."

ಎರಗಟ್ಟಿ ಸರ್ ನಕ್ಷೆಯ ಕಡೆ ತಿರುಗಿದರು. "ಆಯ್ತು. ಮೂವರು ಮೂರು ಓಣಿ ಹಿಡೀರಿ. ಜಲ್ದಿ ಆಗತದ."

"ಮೂವರೂ ಒಂದ ಶೆಡ್ಡಿಗೆ ಹೋಗ್ತೀವಿ ಸರ್."

ಅವರು ಅವಳನ್ನು ವಿಚಿತ್ರವಾಗಿ ನೋಡಿದರು. ನೀಲಗಂಗಾ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದಳು. ಬಣಕಾರ ಓಣಿ, ಮೋಮಿನ್ ಓಣಿ, ಚರ್ಚಿನ ಓಣಿ ಮೂರೂ ಕೂಡುವ ಮೂಲೆಯಲ್ಲಿ ಗೆರೆಗಳು ದಟ್ಟವಾಗಿ ಹೆಣೆದುಕೊಂಡಿದ್ದವು. "ಮೂರು ಓಣಿಯಾಗ ಒಂದೊಂದು ಕಿಡಿ ಹಾಕಿದ್ರ ಮೂರೂ ಆರತಾವ. ಒಂದ ಕಡೆ ಹಾಕಿದ್ರ ಹತ್ತತಾವ. ಮೊದಲು ಒಬ್ಬರು ನಂಬಬೇಕು ಸರ್. ಪೂರಾ ನಂಬಬೇಕು."

"ಅದು ನಿಧಾನ ಆಗತದಮ್ಮಾ" ಎಂದರು ಎರಗಟ್ಟಿ. ಅವರು ಅವಳನ್ನು ಅಮ್ಮಾ ಎಂದು ಕರೆದದ್ದು ಅದೇ ಮೊದಲು. "ಮೊದಲಿಗೆ ಬಾಳ ನಿಧಾನ ಆಗತದ."

"ಮೊದಲಿಗೆ ಆಗತದ್ರಿ."

*

ಆ ಮೂಲೆಯಲ್ಲಿದ್ದುದು ಕಾಶವ್ವನ ಶೆಡ್ಡೇ. ಜೀಪು ನಿಂತಾಗ ಅವಳು ನೂಲು ಸುತ್ತಿದ ಕಂಡಿಕೆಯ ಬುಟ್ಟಿ ಹಿಡಿದು ಬಾಗಿಲಲ್ಲಿದ್ದಳು. ಬುಟ್ಟಿ ಕೆಳಗಿಟ್ಟು ತಂಗಿಯ ಹತ್ತಿರ ಬಂದು ಅವಳ ರಟ್ಟೆಯನ್ನು ಹಿಡಿದು ಗಟ್ಟಿಯಾಗಿ ಅದುಮಿದಳು.

"ಫೋನ್ ಮಾಡಿದ್ದು ನೀನ ಏನು?"

"ನಾನ ಅಕ್ಕಾ."

ಕಾಶವ್ವನ ಕಣ್ಣು ತುಂಬಿ ಬಂತು. ಆದರೂ ಅವಳು ತಲೆಯಾಡಿಸಿದಳು. "ನೀ ಖರೇ ಇದ್ದೀ. ನಿನಗ ಹೇಳಿದವರು ಖರೇ ಅದಾರೇನು? ದೊಡ್ಡ ಸಾಹೇಬ್ರಿಗೂ ಮೋಸ ಮಾಡ್ತಾರವಾ. ಆ ಕಾಲು ನೋಡು" ಎಂದು ಒಳಗೆ ಮಂಚದ ಮೇಲೆ ಕುಳಿತಿದ್ದ ಈರಪ್ಪನ ಕಡೆ ಕೈ ಮಾಡಿದಳು.

ನೀಲಗಂಗಾ ವಾದ ಮಾಡಲಿಲ್ಲ. ತನ್ನ ಗುಬ್ಬಿಯನ್ನು ಅಕ್ಕನ ಗುಬ್ಬಿಗೆ ತಾಗಿಸಿ ಬೆರಳೊತ್ತಿದಳು. ಅದು ಹಳದಿಯಾಯಿತು. ಹಿಂದೆ ಸರಿದು ಮೌಲಾಲಿಗೆ ದಾರಿ ಬಿಟ್ಟಳು.

"ಅಕ್ಕಾರ, ನಾ ನಿಮ್ಮ ಬಾಜೂ ಓಣಿ ಅಬ್ದುಲ್ ಚಾಚಾನ ಅಳಿಯ. ಮದುವ್ಯಾಗ ನಮ್ಮ ಹುಡುಗಿಗೆ ಸೀರಿ ನೇಯ್ದು ಕೊಟ್ಟವರು ನೀವ. ಇದ ಕಾಲಾಗ ನಿಂತು ಆ ಬಿರುಕು ನೋಡೀನ್ರಿ. ನನ್ನ ತೋಳು ಹೋಗ್ತಿತ್ತು ಅದರಾಗ." ಅವನು ಕೆಸರು ಒಣಗಿದ ಪ್ಯಾಂಟನ್ನು ತೋರಿಸಿದ. ಹೊಳೆಯ ಮಣ್ಣು ಕಪ್ಪು, ಏರಿಯ ಮಣ್ಣು ಕೆಂಪು. ಆ ಊರಿನವರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಎಸ್ತರಮ್ಮ ಮಾತನ್ನು ಉದ್ದ ಮಾಡಲಿಲ್ಲ. ಕಾಶವ್ವನ ಎರಡೂ ಹೆರಿಗೆ ಮಾಡಿಸಿದವಳು ಅವಳೇ. "ದವಾಖಾನಿಯಿಂದ ಬಾಣಂತಿಯರನ್ನ ಮ್ಯಾಲಿನ ಶಾಲಿಗೆ ಒಯ್ದೀವಿ, ಕಾಶವ್ವಾ. ಮೂರು ದಿನದ ಕೂಸನ್ನ ನಾನ ಎತಗೊಂಡು ಮೆಟ್ಟಲ ಹತ್ತಿ ಬಂದೀನಿ. ಸುಳ್ಳಿಗೆ ಯಾರೂ ಬಾಣಂತೀನ್ನ ಎಬ್ಬಿಸಂಗಿಲ್ಲ."

ಅವರಿಬ್ಬರೂ ಕೇಂದ್ರದಿಂದ ತಂದ ಗುಬ್ಬಿ ತಾಗಿಸಿದಾಗ ಕಾಶವ್ವನ ಎದೆಯ ಮೇಲಿನ ಗುಬ್ಬಿ ಚಿಲಿಪಿಲಿಗುಟ್ಟಿತು. ಅವಳು ಅದರ ಹಸಿರನ್ನು ನೋಡಲೂ ಇಲ್ಲ. ತಿರುಗಿ ಶೆಡ್ಡಿನೊಳಗೆ ಹೋಗಿ ಒಂದೊಂದೇ ಮಗ್ಗದ ಗುಂಡಿಯೊತ್ತಿ ನಿಲ್ಲಿಸಿದಳು. ಸೀರೆಯ ಸೆರಗು ಅರ್ಧಕ್ಕೆ ನಿಂತಿತು. ಗಂಡನನ್ನು ನೂಲಿನ ಕೈಗಾಡಿಯ ಮೇಲೆ ಕೂರಿಸಿ ಮಗನ ಕೈಗೆ ಹಿಡಿಗೋಲು ಕೊಟ್ಟಳು. "ಮಡ್ಡಿಗೆ ಹೋಗ್ರಿ. ನಾ ಓಣಿಗೆ ಹೇಳಿ ಬರ್ತೀನಿ."

ಮುಂದಿನದು ಎರಗಟ್ಟಿ ಸರ್ ಹೇಳಿದ ಹಾಗೆಯೇ ನಿಧಾನವಾಗಿತ್ತು. ಕಾಶವ್ವ ಒಂದು ಮನೆ ಹೊಕ್ಕರೆ ಹಳದಿ. ಮೌಲಾಲಿಯ ಅತ್ತೆ ಅದೇ ಮನೆ ಹೊಕ್ಕಾಗಲೂ ಹಳದಿಯೇ. ಚರ್ಚಿನ ಓಣಿಯಿಂದ ಯಾರಾದರೂ ಬರುವ ತನಕ ಕಾಯಬೇಕು. ನೀಲಗಂಗಾ ಓಣಿಯ ತುದಿಯಲ್ಲಿ ವೈರ್‌ಲೆಸ್ ಹಿಡಿದು ನಿಂತಿದ್ದಳು. ಅದರಲ್ಲಿ ಎರಗಟ್ಟಿಯವರ ದನಿ ಬರುತ್ತಿತ್ತು.

"ಒಂದು ಮೂಲಿ ಅಷ್ಟ ಹಸಿರಾಗೇದ. ಅಂಗೈ ಅಗಲ. ಏರಿ ಕುಸಿಯಾಕ ಸುರು ಆಗೇದ ಅಂತ ಸುದ್ದಿ ಬಂತು. ನೀವು ಮೂವರೂ ಮ್ಯಾಲ ಬಂದ್ಬಿಡ್ರಿ."

"ಸ್ವಲ್ಪ ತಡೀರಿ ಸರ್."

"ತಡಿಯೂದು ನಾನಲ್ಲಮ್ಮಾ, ನೀರು."

ಆಗ ಅವಳಿಗೆ ಒಂದು ಬದಲಾವಣೆ ಕೇಳಿಸಿತು. ಕೇಳಿಸಿತು ಎನ್ನುವುದಕ್ಕಿಂತ, ಕೇಳುತ್ತಿದ್ದುದು ಕಡಿಮೆಯಾಯಿತು. ಕಾಶವ್ವನ ಶೆಡ್ಡು ನಿಂತಿತ್ತು. ಅದರ ಎಡಗಡೆಯ ಶೆಡ್ಡೂ ನಿಂತಿತ್ತು, ಎದುರಿನದೂ ನಿಂತಿತ್ತು. ಇವುಗಳ ನಡುವೆ ಇದ್ದ ನಾಲ್ಕನೆಯ ಶೆಡ್ಡಿನ ಯಜಮಾನ, ಅಷ್ಟು ಹೊತ್ತು ಎರಡು ಗುಬ್ಬಿಗಳಿಗೆ ಜಗ್ಗದೆ ಕುಳಿತವನು, ಹೊರಗೆ ಬಂದು ಬಾಗಿಲಲ್ಲಿ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಯಾರನ್ನೂ ಏನನ್ನೂ ಕೇಳದೆ ಒಳಗೆ ಹೋದ. ಅವನ ಮಗ್ಗಗಳೂ ನಿಂತವು.

ನೀಲಗಂಗಾಗೆ ಹೊಳೆಯಿತು. ಆ ಊರಿನಲ್ಲಿ ಮಗ್ಗ ಸುಮ್ಮಸುಮ್ಮನೆ ನಿಲ್ಲುವುದಿಲ್ಲ. ಸಾವಾದರೂ ಒಂದು ಓಣಿ ನಿಲ್ಲುತ್ತದೆ, ಪಕ್ಕದ ಓಣಿ ನಡೆಯುತ್ತದೆ. ನಿಂತ ಒಂದೊಂದು ಶೆಡ್ಡೂ ಒಂದೊಂದು ಬಾಯಾಗಿತ್ತು. ಅದನ್ನು ಯಾರೂ ಯಂತ್ರದಲ್ಲಿ ತಯಾರಿಸಲಾರರು. ತಮ್ಮ ದುಡಿಮೆಯನ್ನು ಅರ್ಧಕ್ಕೆ ನಿಲ್ಲಿಸಿ ಮನುಷ್ಯರು ಆಡಿದ ಮಾತು ಅದು.

ಅವಳು ಓಣಿಯೊಳಗೆ ಓಡಿದಳು. "ಅಕ್ಕಾ, ಹೋಗೂ ಮೊದಲು ಮಗ್ಗ ನಿಲ್ಲಸ್ರಿ ಅಂತ ಎಲ್ಲಾರಿಗೂ ಹೇಳು. ದೀಪ ಆರಿಸೂದು ಬ್ಯಾಡ, ಫ್ಯಾನು ಆರಿಸೂದು ಬ್ಯಾಡ. ಮಗ್ಗ ಅಷ್ಟ."

ಕಾಶವ್ವ ಯಾಕೆಂದು ಕೇಳಲಿಲ್ಲ. ಬಾಗಿಲಿಂದ ಬಾಗಿಲಿಗೆ ಮಾತು ಹೋಯಿತು. ವೈರ್‌ಲೆಸ್‌ನಲ್ಲಿ ನೀಲಗಂಗಾ ಹೇಳಿದ್ದನ್ನು ಕೇಳಿ ಎರಗಟ್ಟಿ ಸರ್ ಉತ್ಸಾಹದಿಂದ, "ಮಗ್ಗ ನಿಲ್ಲಬೇಕೇನು? ನಾ ಊರಿಂದು ಕರೆಂಟ್ ತೆಗಸ್ತೀನಿ. ಒಂದ ನಿಮಿಷದ ಕೆಲಸ" ಎಂದರು.

"ಬ್ಯಾಡ್ರಿ ಸರ್, ಕೈ ಮುಗೀತೀನಿ. ಕರೆಂಟ್ ಹೋದ್ರ ಎಲ್ಲಾರೂ ಚಾ ಕುಡ್ಯಾಕ ಕೂಡ್ತಾರ. ಕರೆಂಟ್ ಇದ್ದೂ ಮಗ್ಗ ನಿಲ್ಲಬೇಕು. ನಿಲ್ಲಿಸಿದವ ಮನಿಷಾ ಅಂತ ಗೊತ್ತಾಗಬೇಕು."

ಎರಗಟ್ಟಿಯವರು ಮೆಲ್ಲಗೆ, "ಹೌದು" ಎಂದರು. "ಹೌದು. ಮುಟ್ಟಂಗಿಲ್ಲ ನಾವು."

ಮೋಮಿನ್ ಓಣಿ ನಿಂತಿತು. ಚರ್ಚಿನ ಓಣಿ ನಿಂತಿತು. ಈಗ ಗುಬ್ಬಿಗಳು ಒಂದರ ಹಿಂದೊಂದು ಚಿಲಿಪಿಲಿಗುಟ್ಟತೊಡಗಿದವು. ಒಬ್ಬರ ಮಾತಿಗೆ ಕಾಯುತ್ತಿದ್ದವರು ಇನ್ನೊಬ್ಬರಿಗೆ ಮಾತಾದರು. ಜನ ಓಡಲಿಲ್ಲ. ಓಡುವಷ್ಟು ಭಯವೂ ಇರಲಿಲ್ಲ, ಕೂರುವಷ್ಟು ಅನುಮಾನವೂ ಇರಲಿಲ್ಲ. ಮುದುಕರನ್ನು ಕೈಗಾಡಿಗಳ ಮೇಲೆ, ಎಳೆಯರನ್ನು ಹೆಗಲ ಮೇಲೆ ಹೊತ್ತು, ಆಡು ಎಮ್ಮೆ ಹೊಡೆದುಕೊಂಡು ಮಡ್ಡಿಯ ದಾರಿ ಹಿಡಿದರು. ಇಕ್ಕಟ್ಟಿನ ಓಣಿಯಲ್ಲಿ ಒಬ್ಬರು ನಿಂತು ಇನ್ನೊಬ್ಬರಿಗೆ ದಾರಿ ಬಿಟ್ಟರು.

ಉಳಿದದ್ದು ಹಳ್ಳದ ಆಚೆಯ ಪೇಟೆ. ಅಲ್ಲಿ ಒಂದು ಗುಬ್ಬಿಯೂ ಇಲ್ಲ. ನಡುವೆ ಇದ್ದುದು ನಡೆದು ದಾಟುವ ಕಾಲುಸಂಕ ಒಂದೇ. ನಕ್ಷೆಯಲ್ಲಿ ಎರಡು ದಂಡೆಗಳ ನಡುವೆ ಚದುರಿದ ಎಳೆಗಳು, ಅಲ್ಲೊಂದು ಇಲ್ಲೊಂದು. ಒಂಟಿ ಎಳೆಯ ಮೇಲೆ ನಂಬಿಕೆ ದಾಟುವುದಿಲ್ಲವೆಂದು ಬರೆದವಳೇ ನೀಲಗಂಗಾ. ಬಣಕಾರ ಓಣಿಯ ಒಬ್ಬ ಹುರುಪಿನಿಂದ ದಾಟಿ ಹೋಗಿ ತನ್ನ ಮಾವನ ಮನೆಯಲ್ಲಿ ಬೈಸಿಕೊಂಡು ಬಂದ.

"ಒಬ್ಬೊಬ್ಬರು ಹೋಗಬ್ಯಾಡ್ರಿ" ಎಂದಳು ನೀಲಗಂಗಾ. "ಎಳಿ ತೆಳ್ಳಗಿದ್ರ ಹುರಿ ಮಾಡಿ ಒಯ್ಯೂಣು. ಮೂರೂ ಓಣಿಯವರು ಕೂಡಿ ಹೋಗ್ರಿ, ಒಂದ ಮನಿಗೆ. ಆಮ್ಯಾಲ ಅದರ ಬಾಜೂ ಮನಿಗೆ."

ಕಾಶವ್ವ ಹೊರಟಳು. ಆಚೆ ತವರಿದ್ದ ಮೌಲಾಲಿಯ ಅತ್ತೆ ಹೊರಟಳು. ಎಸ್ತರಮ್ಮ ತನ್ನ ಬಿಳಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು. ನೀಲಗಂಗಾ ಅವರ ಹಿಂದೆ ಸಂಕ ದಾಟಿದಳು. ಹಳ್ಳದ ನೀರು ಆಗಲೇ ಕೆಂಪಾಗಿತ್ತು.

ಪೇಟೆಯಲ್ಲಿ ಜನ ಬಾಗಿಲಿಗೆ ಬಂದು ನಿಂತಿದ್ದರು. ಯಾರೂ ಕರೆದಿರಲಿಲ್ಲ. ಓಣಿಗಳ ಕಡೆಯ ಖಟಖಟ ನಿಂತುಹೋದದ್ದು ಅವರನ್ನು ಹೊರಗೆಳೆದಿತ್ತು. ಹುಟ್ಟಿದಂದಿನಿಂದ ಕೇಳುತ್ತಿದ್ದ ಸದ್ದು ಅರ್ಧವಾಗಿ ಅವರ ಮುಖಗಳು ಬರಿದಾಗಿ ಕಾಣುತ್ತಿದ್ದವು. ಕಿರಾಣಿ ಅಂಗಡಿಯ ಮಹಾದೇವಿ ಎಂಬವಳು ಕೇಳಿದಳು, "ಕರೆಂಟ್ ಹೋಗೇತೇನು ನಿಮ್ಮ ಕಡೆ?"

"ಕರೆಂಟ್ ಐತಿ" ಎಂದಳು ಕಾಶವ್ವ. "ಅಲ್ನೋಡು, ದೀಪ ಉರಿಯಾಕತ್ತಾವ. ಮಗ್ಗ ನಾವ ನಿಲ್ಲಿಸೀವಿ."

ಮಹಾದೇವಿ ಹಳ್ಳದಾಚೆ ಕಣ್ಣು ಹಾಯಿಸಿದಳು. ಹಗಲಿನಲ್ಲೂ ಶೆಡ್ಡುಗಳ ಕಿಟಕಿಯಲ್ಲಿ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಅದರ ಮೇಲೆ, ಮಡ್ಡಿಯ ಏರಿನಲ್ಲಿ, ಜನರ ಸಾಲು. ಅವಳು ಮೌಲಾಲಿಯ ಅತ್ತೆಯನ್ನು ನೋಡಿದಳು, ಎಸ್ತರಮ್ಮನನ್ನು ನೋಡಿದಳು. ಆ ಮೂವರು ಒಟ್ಟಿಗೆ ಒಂದೇ ಮಾತಿಗಾಗಿ ನಿಂತದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅಂಗಡಿಯ ಬಾಗಿಲು ಎಳೆದುಕೊಂಡಳು. ಬೀಗ ಹಾಕಲಿಕ್ಕೂ ನಿಲ್ಲದೆ ಪಕ್ಕದ ಮನೆಯ ಕದ ಬಡಿದಳು.

ಆಮೇಲೆ ಹಿಡಿಯುವವರಿರಲಿಲ್ಲ. ಪೇಟೆಯ ಮೊದಲ ಶೆಡ್ಡು ನಿಂತಿತು. ಅದರ ಹಿಂದಿನದು ನಿಂತಿತು. ಬೀದಿಗೆ ಬೀದಿಯೇ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮ್ಮನಾಗುತ್ತ ಹೋದದ್ದನ್ನು ನೀಲಗಂಗಾ ಸಂಕದ ಬಳಿ ನಿಂತು ಕೇಳಿದಳು. ಲೆಕ್ಕದಲ್ಲಿ ಅವಳು ಆ ಏರುಗೆರೆಯನ್ನು ಎಷ್ಟೋ ಸಲ ಬರೆದಿದ್ದಳು. ಮೊದಲು ನೆಲಕ್ಕಂಟಿಕೊಂಡು ತೆವಳಿ, ಒಂದು ಕಡೆ ಥಟ್ಟನೆ ತಲೆಯೆತ್ತಿ ಮೇಲೇರುವ ಗೆರೆ. ಅದು ಹೀಗೆ ಕೇಳಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕೊನೆಯ ಮಗ್ಗ ನಿಂತಾಗ ಹೊಳೆಯ ಸದ್ದು ಕೇಳಿಸಿತು. ಬಣಕಾರಹಳ್ಳದಲ್ಲಿ ಹಾಡುಹಗಲು ಹೊಳೆಯ ಸದ್ದನ್ನು ಕೇಳಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ವೈರ್‌ಲೆಸ್ ಕರೆಯಿತು. ಎರಗಟ್ಟಿಯವರು ಕೂಗಿ ಕೇಳಿದರು. "ಏರಿ ಹೋತು. ನೀವೆಲ್ಲಿದ್ದೀರಿ?"

"ಮಡ್ಡಿ ಹತ್ತಾಕತ್ತೀವಿ ಸರ್. ನಮ್ಮ ಹಿಂದ ಯಾರೂ ಇಲ್ಲ."

*

ನೀರು ಬಂದಾಗ ಬಿಸಿಲು ಇಳಿಮುಖವಾಗಿತ್ತು. ಮೊದಲು ಗಾಳಿ ಬಂತು, ಹಸಿಮಣ್ಣಿನ ವಾಸನೆ ಹೊತ್ತು. ಆಮೇಲೆ ಕೆಂಪು ಗೋಡೆಯಂತೆ ಹೊಳೆ ತಿರುವು ದಾಟಿ ಬಂದು ಓಣಿಗಳನ್ನು ಹೊಕ್ಕಿತು. ಕಾಲುಸಂಕ ಕಡ್ಡಿಯಂತೆ ಹೋಯಿತು. ಶೆಡ್ಡುಗಳ ಕಿಟಕಿಯ ದೀಪಗಳು ಒಂದರ ಹಿಂದೊಂದು ಆರಿದವು. ಯಾರದೋ ನೂಲಿನ ಉಂಡೆಗಳು ನೀರಿನ ಮೇಲೆ ಬಣ್ಣ ಬಣ್ಣವಾಗಿ ತೇಲಿದವು. ಮಡ್ಡಿಯ ಮೇಲೆ ಹೆಂಗಸರು ಅತ್ತರು. ಮಗ್ಗ ಹೋದದ್ದಕ್ಕೆ ಅತ್ತರು, ಮನೆ ಹೋದದ್ದಕ್ಕೆ ಅತ್ತರು. ಅಳುತ್ತಲೇ ಓಣಿಗೊಂದು ಗುಂಪಾಗಿ ಕೂತು ಮನೆಮಂದಿಯನ್ನು ಹೆಸರು ಹಿಡಿದು ಕೂಗಿದರು. ಕೂಗಿದ ಪ್ರತಿ ಹೆಸರಿಗೂ 'ಇಲ್ಲೇ ಅದೀನಿ' ಎಂದೋ 'ಅದಾಳ' ಎಂದೋ ಉತ್ತರ ಬಂತು. ಬಣಕಾರ ಓಣಿ ಮುಗಿಯಿತು. ಮೋಮಿನ್ ಓಣಿ ಮುಗಿಯಿತು. ಪೇಟೆಯ ಹೆಸರುಗಳು ಬಹಳ ಹೊತ್ತು ನಡೆದವು. ಉತ್ತರ ಬಾರದ ಹೆಸರು ಒಂದೂ ಇರಲಿಲ್ಲ.

ಈರಪ್ಪ ಕೈಗಾಡಿಯ ಮೇಲೆ ಕೂತು ಕೋಲಿನ ಮೇಲೆ ಗದ್ದ ಊರಿ ನೀರನ್ನೇ ನೋಡುತ್ತಿದ್ದ. ನೀಲಗಂಗಾ ಹತ್ತಿರ ಹೋಗಿ ಕೂತಳು.

"ಮಾಮಾ, ಎಲ್ಲಾ ಹೋತಲ್ಲ."

"ಏನು ಹೋತು?" ಈರಪ್ಪ ಮಡ್ಡಿಯ ತುಂಬ ಕೂತ ಜನರನ್ನು ಕೋಲೆತ್ತಿ ತೋರಿಸಿದ. "ಊರು ಇಲ್ಲೇ ಐತಿ. ಕೆಳಗ ಇರೂದು ಕಲ್ಲು ಮಣ್ಣು."

ವೈರ್‌ಲೆಸ್‌ನಲ್ಲಿ ಎರಗಟ್ಟಿ ಸರ್ ಮತ್ತೆ ಬಂದರು. ಈ ಸಲ ಅವರ ಮಾತಿನಲ್ಲಿ ಗೊಂದಲವಿತ್ತು.

"ನೀಲಗಂಗಾ, ಕೆಳಗಿನ ಊರುಗಳಿಗೆ ಯಾರು ಹೇಳಿದ್ರು?"

ಹೊಳೆ ಬಣಕಾರಹಳ್ಳದಲ್ಲಿ ನಿಲ್ಲುವುದಿಲ್ಲ. ಕೆಳಗೆ ಇನ್ನೂ ಊರುಗಳಿದ್ದವು, ದಂಡೆಗುಂಟ, ಒಂದರ ಕೆಳಗೊಂದು. ಈ ಊರಿನ ಗಡಿಬಿಡಿಯಲ್ಲಿ ಅವಳು ಅವುಗಳ ಹತ್ತಿರ ಹೋಗಿರಲೇ ಇಲ್ಲ.

"ಯಾರೂ ಹೇಳಿಲ್ಲ ಸರ್. ನಾ ಈಗ ಹೊರಡ್ತೀನಿ."

"ಹೊರಡಬ್ಯಾಡ್ರಿ. ಅದನ್ನ ಹೇಳಾಕತ್ತೀನಿ ನಾನು. ಕೆಳಗಿನ ಠಾಣೆಯ ಪೊಲೀಸರು ದಿನ್ನಿ ಮ್ಯಾಲ ನಿಂತು ನೋಡಾಕತ್ತಾರ. ಜನ ಆಗಲೇ ಎದ್ದು ಹೊಂಟಾರಂತ. ಅದರ ಕೆಳಗಿನ ಊರಾಗೂ ಹೊಂಟಾರಂತ. ಅಲ್ಲಿ ಗುಬ್ಬಿ ಇಲ್ಲ, ನಕ್ಷಿ ಇಲ್ಲ, ನಾವು ಯಾರನ್ನೂ ಕಳಿಸಿಲ್ಲ. ನನ್ನ ಗ್ವಾಡಿ ಬಣಕಾರಹಳ್ಳಕ್ಕ ಮುಗೀತದ. ಮುಂದಿಂದು ನನಗ ಕಾಣವಲ್ದು."

ನೀಲಗಂಗಾ ಎದ್ದು ಸುತ್ತ ನೋಡಿದಳು. "ಅಕ್ಕ ಎಲ್ಲಿ ಮಾಮಾ?"

"ಆಗಳೇ ಹೋದ್ಳಲ್ಲ" ಎಂದ ಈರಪ್ಪ. "ಮಡ್ಡಿ ಹತ್ತಿದ್ದ ತಡ, ನೀರು ಬರೂ ಮೊದಲ ಟೆಂಪೋ ಹತ್ತಿದ್ಳು. ಎಸ್ತರಮ್ಮ, ಮೋಮಿನ್ ಓಣಿ ಮುದುಕಿ, ಪೇಟಿ ಮಹಾದೇವಿ ಎಲ್ಲಾರೂ ಕೂಡಿ ಹೋದ್ರು. ಇನ್ನೂ ಎರಡು ಗಾಡಿ ಹೋದುವು ಹಿಂದಿಂದ. ಕೆಳಗಿನವರು ಒಬ್ಬರು ಹೇಳಿದ್ರ ನಂಬಂಗಿಲ್ಲ ಅಂದ್ಳು."

ನೀಲಗಂಗಾ ಮಡ್ಡಿಯ ಅಂಚಿಗೆ ನಡೆದಳು. ಮೇಲಿನ ರಸ್ತೆ ಅಲ್ಲಿಂದ ಬಹುದೂರದ ತನಕ ಕಾಣುತ್ತಿತ್ತು. ಕೆಳಗೆ ಕೆಂಪು ನೀರು ಹರಡಿಕೊಂಡು ಮುಂದೆ ಸಾಗಿತ್ತು. ಅದರ ಮುಂದೆ, ಅದು ಇನ್ನೂ ಮುಟ್ಟದ ಊರಿನ ದಿನ್ನೆಯ ಮೇಲೆ, ಇರುವೆಯ ಸಾಲಿನಂತೆ ಜನ ಹತ್ತುತ್ತಿದ್ದರು. ಅದರಾಚೆಯ ಊರಿನ ದಿನ್ನೆಯ ಮೇಲೆ ಇನ್ನೊಂದು ಸಾಲು. ಇನ್ನೂ ಆಚೆ, ಕಣ್ಣಿಗೆ ಮಂಜಾಗುವಲ್ಲಿ, ದನಗಳು ಎಬ್ಬಿಸಿದ ಧೂಳು ಇಳಿಬಿಸಿಲಿಗೆ ಹೊನ್ನಿನ ಹಾಗೆ ಮೇಲೇಳುತ್ತಿತ್ತು.

"ನೀಲಗಂಗಾ" ಎಂದರು ಎರಗಟ್ಟಿ ಸರ್. "ನಿಮಗ ಕಾಣತದೇನು? ಎಲ್ಲಿ ತನಕ ಹೋಗೇದ ಅದು?"

ಅವಳು ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ನೋಡಿದಳು. ನೀರಿನ ಮುಂದೆ ಮಾತು ಓಡುತ್ತಿತ್ತು.

"ಕಡೀ ಕಾಣವಲ್ದು ಸರ್" ಎಂದಳು.